ಕೆಳಗಿನ ಹಲ್ಲುಸೆಟ್ಟಿಗೆ ಜಿಂಕ್ ಇಲ್ಲದ ಅಂಟು: ಎಷ್ಟು ಹಿಡಿತ, ಎಷ್ಟು ಎಚ್ಚರ?

ಪೂರ್ತಿ ಹಲ್ಲುಸೆಟ್ಟು ಕಟ್ಟಿಸಿಕೊಂಡವರನ್ನು ಮಾತಿಗೆಳೆದರೆ ಹೆಚ್ಚಿನವರ ದೂರು ಒಂದೇ: ಮೇಲಿನದು ಪರವಾಗಿಲ್ಲ, ಕೆಳಗಿನದೇ ತಂಟೆ. ಮಾತಾಡುವಾಗ ಮೇಲೇಳುತ್ತದೆ, ರೊಟ್ಟಿ ಅಗಿಯುವಾಗ ಜಾರುತ್ತದೆ. ಸೀಬೆಹಣ್ಣಿನ ಒಂದು ಬೀಜ ಅಡಿಗೆ ಸೇರಿಕೊಂಡರಂತೂ ಕಣ್ಣಲ್ಲಿ ನೀರು ಬರುವಷ್ಟು ನೋವು. ಕೊನೆಗೆ ಮೇಲಿನ ಸೆಟ್ಟು ಬಾಯಲ್ಲಿ, ಕೆಳಗಿನದು ಡಬ್ಬಿಯಲ್ಲಿ ಎಂಬಂತಾಗುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ ಅಂಟಿನ ಕ್ರೀಮು, ಪುಡಿಗಳ ವಿಚಾರ ಕಿವಿಗೆ ಬೀಳುವುದು ಆಗಲೇ. ಜೊತೆಗೆ ‘ಜಿಂಕ್ ಇಲ್ಲದ್ದೇ ತಗೊಳ್ಳಿ’ ಎಂಬ ಸಲಹೆಯೂ ಬರುತ್ತದೆ.

ಜಿಂಕ್ ಬೇಡ ಎನ್ನುವುದು ಯಾಕೆ? ಅದನ್ನು ತೆಗೆದರೆ ಹಿಡಿತ ಕಡಿಮೆಯಾಗುವುದಿಲ್ಲವೇ? ಕೆಳಸೆಟ್ಟಿಗೆ ಎಷ್ಟು ಹಚ್ಚಬೇಕು? ಮೊದಲು ಚುಟುಕಾದ ಉತ್ತರ ಹೇಳಿಬಿಡೋಣ. ಅಳತೆಗೆ ಸರಿಯಾಗಿ ಕೂರುವ ಕೆಳಸೆಟ್ಟಿಗೆ ಜಿಂಕ್ ಇಲ್ಲದ ಅಂಟು ಒಳ್ಳೆಯ ಆಸರೆ. ಮಾತು, ಊಟ ಎರಡೂ ಹಗುರವಾಗುತ್ತವೆ. ಸಡಿಲಾದ, ವಸಡಿನ ಆಕಾರಕ್ಕೆ ಹೊಂದದ ಸೆಟ್ಟನ್ನು ಮಾತ್ರ ಯಾವ ಅಂಟೂ ಬಹಳ ಹೊತ್ತು ಹಿಡಿದಿಡಲಾರದು. ಇನ್ನು ವಿವರಕ್ಕೆ ಬರೋಣ.

ಕೆಳಗಿನದಕ್ಕೇ ಯಾಕೆ ಈ ಪಾಡು?

ಮೇಲಿನ ಸೆಟ್ಟು ವಸಡಿನ ಜೊತೆಗೆ ಇಡೀ ಅಂಗುಳನ್ನೂ ಮುಚ್ಚುತ್ತದೆ. ಅಂಗುಳಿಗೂ ಸೆಟ್ಟಿಗೂ ನಡುವೆ ಜೊಲ್ಲಿನ ತೆಳುವಾದ ಪದರ ನಿಲ್ಲುತ್ತದೆ, ಅಂಚಿನಲ್ಲಿ ಗಾಳಿ ನುಗ್ಗದಂತೆ ಬಿಗಿ ಕೂರುತ್ತದೆ. ಹಾಗಾಗಿ ಹಿಡಿತ ಗಟ್ಟಿ. ಕೆಳಗೆ ಅಂಗುಳಿಲ್ಲ. ನಾಲಿಗೆಗೆ ಜಾಗ ಬಿಟ್ಟು, ಕುದುರೆಲಾಳದ ಆಕಾರದಲ್ಲಿ ಉಳಿದ ಸಣ್ಣ ವಸಡಿನ ಏಣಿನ ಮೇಲೆ ಸೆಟ್ಟು ಕೂರಬೇಕು. ಸೆಟ್ಟಿಗೆ ಆಧಾರವಾಗುವ ಜಾಗ ಮೇಲ್ದವಡೆಯಲ್ಲಿ ಸರಾಸರಿ 23 ಚದರ ಸೆಂಟಿಮೀಟರ್ ಇದ್ದರೆ, ಕೆಳದವಡೆಯಲ್ಲಿ ಸುಮಾರು 12 ಮಾತ್ರ. ಸಾಲದ್ದಕ್ಕೆ ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ, ಮುಂದಿನಿಂದ ತುಟಿ, ಎಲ್ಲವೂ ದಿನವಿಡೀ ಅದನ್ನು ತಳ್ಳುತ್ತಲೇ ಇರುತ್ತವೆ. ಜೊಲ್ಲು ನಿಲ್ಲುವುದೂ ಅಲ್ಲಿಯೇ.

ಇನ್ನೊಂದು ಕಾರಣ ಎಲುಬಿನ ಸವೆತ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಎಲುಬು ಕರಗತೊಡಗುತ್ತದೆ. ಮೊದಲ ವರ್ಷ ವೇಗವಾಗಿ, ಆಮೇಲೆ ನಿಧಾನವಾಗಿ, ಆದರೆ ಜೀವನಪರ್ಯಂತ. ಪೂರ್ತಿ ಸೆಟ್ಟು ಹಾಕಿಕೊಂಡವರನ್ನು 25 ವರ್ಷ ಗಮನಿಸಿದ ಟಾಲ್‌ಗ್ರೆನ್ ಎಂಬ ಸಂಶೋಧಕರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಕೆಳದವಡೆಯ ಮುಂಭಾಗದ ಎಲುಬು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ ಎಂದು ಅದರಿಂದ ತಿಳಿಯಿತು. ಹತ್ತು ವರ್ಷದ ಹಿಂದೆ ಅಚ್ಚುಕಟ್ಟಾಗಿ ಕೂರುತ್ತಿದ್ದ ಕೆಳಸೆಟ್ಟು ಇವತ್ತು ಕುಣಿಯುತ್ತಿದ್ದರೆ ಬದಲಾಗಿರುವುದು ಸೆಟ್ಟಲ್ಲ, ಅದರ ಕೆಳಗಿನ ನೆಲ.

ಅಂಟು ಹಿಡಿಯುವುದು ಹೇಗೆ?

‘ಅಂಟು’ ಎಂದು ಕರೆದರೂ ಇದು ಮರಕ್ಕೆ ಮರ ಅಂಟಿಸುವ ಗೋಂದಿನ ಜಾತಿಯದಲ್ಲ. ಇದರ ಮುಖ್ಯ ಪದಾರ್ಥಗಳು ಎರಡು. ಮೊದಲನೆಯದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಈಸಬಗೋಲು ನೀರಿಗೆ ಬಿದ್ದೊಡನೆ ಉಬ್ಬಿ ಲೋಳೆಯಾಗುವಂತೆ ಇದು ಜೊಲ್ಲನ್ನು ಹೀರಿ ಉಬ್ಬುತ್ತದೆ, ಸೆಟ್ಟಿಗೂ ವಸಡಿಗೂ ನಡುವಿನ ಸಣ್ಣ ಸಂದುಗಳನ್ನು ತುಂಬುತ್ತದೆ. ಹಿಡಿತ ಬೇಗ ಬರುತ್ತದೆ, ಆದರೆ ಬೇಗ ಕರಗಿಯೂ ಹೋಗುತ್ತದೆ. ಎರಡನೆಯದು ಪಿವಿಎಂ–ಎಂಎ ಎಂಬ ಪಾಲಿಮರ್‌ನ ಲವಣ. ಅದು ನಿಧಾನವಾಗಿ ಕೆಲಸ ಶುರುಮಾಡಿ ಗಂಟೆಗಟ್ಟಲೆ ನಿಲ್ಲುತ್ತದೆ. ಕ್ರೀಮಿನಲ್ಲಿ ಇವೆರಡನ್ನೂ ಮಿನರಲ್ ಆಯಿಲ್, ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲಸಿರುತ್ತಾರೆ; ಬಣ್ಣ, ಪುದೀನದ ವಾಸನೆ ಮೇಲಿನ ಅಲಂಕಾರ. ಪುಡಿಯಲ್ಲಿ ಎಣ್ಣೆಯ ಅಂಶ ಇರುವುದಿಲ್ಲ.

ಒಟ್ಟಿನಲ್ಲಿ ಅಂಟು ಮಾಡುವುದು ಜೊಲ್ಲು ಮಾಡಬೇಕಿದ್ದ ಕೆಲಸವನ್ನೇ, ಇನ್ನಷ್ಟು ಗಟ್ಟಿಯಾಗಿ. ಸಂದು ಸಣ್ಣದಿದ್ದಾಗಲೇ ಅದಕ್ಕೆ ಬಲ. ಸಂದು ದೊಡ್ಡದಾದಷ್ಟೂ ಅಂಟಿನ ಪದರ ದಪ್ಪವಾಗುತ್ತದೆ, ದಪ್ಪವಾದಷ್ಟೂ ಸೆಟ್ಟು ಅದರ ಮೇಲೆ ತೇಲುತ್ತದೆ. ಹೆಚ್ಚು ಹಚ್ಚಿದರೆ ಹೆಚ್ಚು ಗಟ್ಟಿ ಎನ್ನುವುದು ಹುಸಿ.

ಜಿಂಕ್ ಬಂದದ್ದು ಯಾಕೆ, ಹೋದದ್ದು ಯಾಕೆ?

ಪಿವಿಎಂ–ಎಂಎ ಪಾಲಿಮರ್‌ಗೆ ಜಿಂಕ್, ಅಂದರೆ ಸತು, ಸೇರಿಸಿದರೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಜೊಲ್ಲಿನಲ್ಲಿ ಕರಗುವುದು ತಡವಾಗುತ್ತದೆ. ತಯಾರಕರು ಜಿಂಕ್ ಬಳಸಿದ್ದು ಅದಕ್ಕೇ. ಜಿಂಕ್ ವಿಷವೇನಲ್ಲ, ದೇಹಕ್ಕೆ ಬೇಕಾದದ್ದೇ. ಐಸಿಎಂಆರ್ 2020ರ ಶಿಫಾರಸಿನ ಪ್ರಕಾರ ವಯಸ್ಕ ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ, ಹೆಂಗಸರಿಗೆ 13.2 ಮಿಲಿಗ್ರಾಂ ಜಿಂಕ್ ಬೇಕು. 40 ಮಿಲಿಗ್ರಾಂ ಮೀರಬಾರದು.

ತೊಂದರೆ ಬಯಲಾದದ್ದು ಅಮೆರಿಕದಲ್ಲಿ. ಟೆಕ್ಸಾಸ್‌ನ ಡಲ್ಲಾಸ್‌ನ ವೈದ್ಯರು ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟದಂಥ ನರದ ತೊಂದರೆಯಿದ್ದ ನಾಲ್ವರು ರೋಗಿಗಳ ವಿವರವನ್ನು 2008ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲರ ರಕ್ತದಲ್ಲೂ ತಾಮ್ರದ ಅಂಶ ಕುಸಿದಿತ್ತು, ಜಿಂಕ್ ಏರಿತ್ತು. ಎಲ್ಲರೂ ಸೆಟ್ಟಿಗೆ ವಿಪರೀತ ಕ್ರೀಮು ಹಚ್ಚುತ್ತಿದ್ದವರು. ವಾರಕ್ಕೆ ಎರಡು ಟ್ಯೂಬು, ಕೆಲವೊಮ್ಮೆ ಇನ್ನೂ ಹೆಚ್ಚು. ಆ ವೈದ್ಯರು ಪರೀಕ್ಷಿಸಿದ ಕ್ರೀಮುಗಳಲ್ಲಿ ಗ್ರಾಂ ಒಂದಕ್ಕೆ ಸುಮಾರು 17ರಿಂದ 34 ಮಿಲಿಗ್ರಾಂ ಜಿಂಕ್ ಇತ್ತು. ಲೆಕ್ಕ ಹಾಕಿ: 68 ಗ್ರಾಮಿನ ಎರಡು ಟ್ಯೂಬು ಒಂದು ವಾರದಲ್ಲಿ ಮುಗಿದರೆ ಬಾಯಿಗೆ ಬೀಳುವ ಜಿಂಕ್ ದಿನಕ್ಕೆ 330ರಿಂದ 660 ಮಿಲಿಗ್ರಾಂ. ಅದೆಲ್ಲ ಹೊಟ್ಟೆಗೆ ಹೋಗದಿದ್ದರೂ 40ರ ಮಿತಿ ದಾಟಲು ಸ್ವಲ್ಪ ಭಾಗ ಸಾಕು. ಹೆಚ್ಚಾದ ಜಿಂಕ್ ಕರುಳಿನಲ್ಲಿ ತಾಮ್ರ ಹೀರಿಕೆಗೆ ಅಡ್ಡಿ ಮಾಡುತ್ತದೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ಬಿಳಿ ರಕ್ತಕಣಗಳ ಕುಸಿತ, ನರಗಳ ಹಾನಿ. ಕ್ರೀಮು ನಿಲ್ಲಿಸಿ ತಾಮ್ರ ಕೊಟ್ಟ ಮೇಲೂ ನರದ ತೊಂದರೆಯಲ್ಲಿ ಕಂಡ ಸುಧಾರಣೆ ಅಲ್ಪ.

2010ರ ಫೆಬ್ರವರಿಯಲ್ಲಿ ಗ್ಲಾಕ್ಸೊಸ್ಮಿತ್‌ಕ್ಲೈನ್ ಕಂಪನಿ ಜಿಂಕ್ ಇದ್ದ ತನ್ನ ಪಾಲಿಗ್ರಿಪ್ ಕ್ರೀಮುಗಳ ತಯಾರಿಕೆ ನಿಲ್ಲಿಸಿ, ಜಿಂಕ್ ಇಲ್ಲದ ಸೂತ್ರಕ್ಕೆ ಬದಲಾಯಿತು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಯಾರಕರಿಗೆ ಪತ್ರ ಬರೆದು ಜಿಂಕ್ ಬದಲಿಗೆ ಬೇರೆ ಪದಾರ್ಥ ಬಳಸುವ ಬಗ್ಗೆ ಯೋಚಿಸಲು ಹೇಳಿತು. ‘ಜಿಂಕ್ ಫ್ರೀ’ ಎಂಬ ಅಕ್ಷರಗಳು ಟ್ಯೂಬಿನ ಮೇಲೆ ಎದ್ದು ಕಾಣತೊಡಗಿದ್ದು ಇದರ ನಂತರ.

ಜಿಂಕ್ ತೆಗೆದರೆ ಹಿಡಿತ ಉಳಿಯುವುದೇ?

ಉಳಿಯುತ್ತದೆ. ಜಿಂಕ್ ಜಾಗಕ್ಕೆ ಕ್ಯಾಲ್ಸಿಯಂ, ಸೋಡಿಯಂ, ಮೆಗ್ನೀಷಿಯಂ ಲವಣಗಳು ಬಂದಿವೆ. ಅಂಟು ಹಚ್ಚಿದಾಗ ಸೆಟ್ಟಿನ ಅಲುಗಾಟ ಕಡಿಮೆಯಾಗುತ್ತದೆ, ಕಚ್ಚುವ ಬಲ ಹೆಚ್ಚುತ್ತದೆ, ಸೆಟ್ಟಿನಡಿ ತಿಂಡಿಯ ಚೂರು ಸೇರುವುದು ತಗ್ಗುತ್ತದೆ. ಈ ಅನುಕೂಲ ಯಾವುದಕ್ಕೂ ಜಿಂಕ್ ಇರಲೇಬೇಕೆಂದಿಲ್ಲ. ಮೊದಲೇ ಹಿಡಿತ ಕಡಿಮೆಯಿರುವ ಕೆಳಸೆಟ್ಟಿನಲ್ಲಿ ಈ ವ್ಯತ್ಯಾಸ ಹಾಕಿಕೊಂಡವರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ನಿರೀಕ್ಷೆ ಮಾತ್ರ ಮಿತಿಯಲ್ಲಿರಲಿ. ಟ್ಯೂಬಿನ ಮೇಲೆ 12 ಗಂಟೆ ಹಿಡಿತ ಎಂದು ಅಚ್ಚಾಗಿರಬಹುದು. ಜೊಲ್ಲು ನಿಲ್ಲುವ, ನಾಲಿಗೆ ಸದಾ ಓಡಾಡುವ ಕೆಳದವಡೆಯಲ್ಲಿ ಅಂಟು ಬೇಗ ತೊಳೆದುಹೋಗುತ್ತದೆ. ಬಿಸಿ ಕಾಫಿ, ಸಾರು ಕುಡಿದಷ್ಟೂ ಇನ್ನೂ ಬೇಗ. ಬೆಳಗಿನ ತಿಂಡಿಗೆ ಮುಂಚೆ ಹಚ್ಚಿದ್ದು ಮಧ್ಯಾಹ್ನದ ಊಟದವರೆಗೆ ನಿಂತರೆ ಕೆಳಸೆಟ್ಟಿನ ಮಟ್ಟಿಗೆ ಅದು ಒಳ್ಳೆಯ ಫಲವೇ. ಮಧ್ಯಾಹ್ನ ತೊಳೆದು ಇನ್ನೊಮ್ಮೆ ತೆಳುವಾಗಿ ಹಚ್ಚುವುದರಲ್ಲಿ ತಪ್ಪಿಲ್ಲ. ಹಳೆಯದರ ಮೇಲೇ ಹೊಸದನ್ನು ಹಚ್ಚುವುದು ತಪ್ಪು.

ಕೊಳ್ಳುವಾಗ ಬ್ರ್ಯಾಂಡಿನ ಹೆಸರನ್ನಷ್ಟೇ ನಂಬಬೇಡಿ. ಒಂದೇ ಬ್ರ್ಯಾಂಡಿನಲ್ಲಿ ಜಿಂಕ್ ಇರುವ ಬಗೆ, ಇಲ್ಲದ ಬಗೆ ಎರಡೂ ಇರಬಹುದು. ಅಮೆರಿಕದಿಂದಲೋ ದುಬೈಯಿಂದಲೋ ಮಕ್ಕಳು ತಂದುಕೊಟ್ಟ ಟ್ಯೂಬಿಗೂ ಈ ಮಾತು ಸಲ್ಲುತ್ತದೆ. ಪೆಟ್ಟಿಗೆಯ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ‘ಜಿಂಕ್’ ಎಂಬ ಪದ ಎಲ್ಲಾದರೂ ಇದೆಯೇ ನೋಡಿ. ‘ಕ್ಯಾಲ್ಸಿಯಂ/ಜಿಂಕ್’ ಎಂದು ಜೋಡಿಯಾಗಿ ಬರೆದಿದ್ದರೂ ಜಿಂಕ್ ಇದೆ ಎಂದೇ ಅರ್ಥ. ಅಕ್ಷರ ಸಣ್ಣದಾದರೆ ಅಂಗಡಿಯವರಿಂದ ಓದಿಸಿಕೊಳ್ಳಿ. ಕೋವಿಡ್ ಕಾಲದಲ್ಲಿ ಶುರುಮಾಡಿದ ಜಿಂಕ್ ಮಾತ್ರೆಯನ್ನು ಈಗಲೂ ನುಂಗುತ್ತಿರುವವರು ಅದನ್ನೂ ವೈದ್ಯರ ಗಮನಕ್ಕೆ ತರಬೇಕು.

ಹಚ್ಚುವ ಮೊದಲು ಈ ಪರೀಕ್ಷೆ

ಅಂಟು ಕೊಳ್ಳುವ ಮುಂಚೆ ತಪ್ಪು ಎಲ್ಲಿದೆ ಎಂದು ಮನೆಯಲ್ಲೇ ಸ್ವಲ್ಪ ಅಂದಾಜು ಮಾಡಬಹುದು. ಸೆಟ್ಟು ತೊಳೆದು, ಅಂಟಿಲ್ಲದೆ ಹಾಕಿಕೊಂಡು ಕನ್ನಡಿಯ ಮುಂದೆ ಕೂತುಕೊಳ್ಳಿ.

• ಬಾಯಿ ಅರ್ಧ ತೆರೆದು ನಾಲಿಗೆಯನ್ನು ಸುಮ್ಮನೆ ಬಿಡಿ. ಸೆಟ್ಟು ತಾನಾಗಿ ಮೇಲೇಳುತ್ತಿದ್ದರೆ ಅದರ ಅಂಚು ಉದ್ದವಾಗಿರಬಹುದು, ಇಲ್ಲವೇ ವಸಡು ತೀರಾ ಸವೆದಿರಬಹುದು.
• ಬಲಗಡೆಯ ದವಡೆಹಲ್ಲಿನ ಮೇಲೆ ತೋರುಬೆರಳಿನಿಂದ ಒತ್ತಿ. ಎಡಭಾಗ ಮೇಲೆದ್ದರೆ ಸೆಟ್ಟಿನ ತಳ ವಸಡಿಗೆ ಹೊಂದುತ್ತಿಲ್ಲ. ಎಡಗಡೆಯೂ ಹೀಗೇ ನೋಡಿ.
• ಮೇಲಿನದೂ ಕೆಳಗಿನದೂ ಹಾಕಿ ಮೆಲ್ಲಗೆ ಹಲ್ಲು ಕಚ್ಚಿ. ಎರಡೂ ಕಡೆ ಒಟ್ಟಿಗೆ ತಾಗಬೇಕು. ಒಂದು ಕಡೆ ಮೊದಲು ತಾಗಿ ಸೆಟ್ಟು ಜಾರಿದರೆ ಅದು ಕಡಿತದ ದೋಷ.
• ಸೆಟ್ಟು ತೆಗೆದು ವಸಡು ನೋಡಿ. ಕೆಂಪು ಗುರುತು, ಬಿಳಿ ಅಂಚಿನ ಹುಣ್ಣು ಇದ್ದರೆ ಅಲ್ಲಿ ಸೆಟ್ಟು ಒತ್ತುತ್ತಿದೆ.

ಇವುಗಳಲ್ಲಿ ಯಾವುದು ಕಂಡರೂ ಮೊದಲ ಭೇಟಿ ದಂತವೈದ್ಯರಿಗೆ. ಕೆಲವೊಮ್ಮೆ ಹತ್ತು ನಿಮಿಷ ಉಜ್ಜಿ ಸರಿಪಡಿಸಿದರೆ ಮುಗಿಯುವ ಕೆಲಸಕ್ಕೆ ಜನ ವರ್ಷಗಟ್ಟಲೆ ಅಂಟು ಹಚ್ಚುತ್ತಾರೆ.

ಕೆಳಸೆಟ್ಟಿಗೆ ಕ್ರೀಮು ಹಚ್ಚುವ ಕ್ರಮ

ಸೆಟ್ಟನ್ನು ಉಜ್ಜಿ ತೊಳೆದು ಒಣಬಟ್ಟೆಯಿಂದ ತೇವ ಒರೆಸಿ. ವಸಡಿಗೆ ತಾಗುವ ಒಳಗುಣಿಯಲ್ಲಿ ಮೂರು ಕಡೆ ಮಾತ್ರ ಕ್ರೀಮು ಇಡಿ: ಮುಂದಿನ ಹಲ್ಲುಗಳ ಕೆಳಗೆ ಒಂದು, ಎಡಬಲದ ದವಡೆಹಲ್ಲುಗಳ ಕೆಳಗೆ ಒಂದೊಂದು. ಪ್ರತಿಯೊಂದೂ ಬಟಾಣಿ ಕಾಳಿಗಿಂತ ದೊಡ್ಡದಾಗಬಾರದು. ಮೊದಲ ಸಲ ಅದರ ಅರ್ಧದಿಂದಲೇ ಶುರುಮಾಡಿ. ಅಂಚಿನಿಂದ ಸ್ವಲ್ಪ ಒಳಗೇ ಇರಲಿ. ನಂತರ ಬಾಯಿ ಮುಕ್ಕಳಿಸಿ, ಸೆಟ್ಟು ಕೂರಿಸಿ, ಎರಡೂ ಬದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಕೆಲವು ಕ್ಷಣ ಹಲ್ಲು ಕಚ್ಚಿಕೊಂಡಿರಿ. ಐದು ನಿಮಿಷ ಏನನ್ನೂ ತಿನ್ನಬೇಡಿ, ಕುಡಿಯಬೇಡಿ.

ಅಳತೆ ಸರಿಯಾಯಿತೇ ಎಂದು ತಿಳಿಯುವುದು ಸುಲಭ. ಸೆಟ್ಟು ಒತ್ತಿದಾಗ ಅಂಚಿನಿಂದ ಕ್ರೀಮು ಹೊರಬಂದು ನಾಲಿಗೆಗೆ ಸಿಕ್ಕಿದರೆ ಹೆಚ್ಚಾಯಿತು. ನಾಳೆ ಕಡಿಮೆ ಮಾಡಿ. ಮೇಲೆ ಕೆಳಗೆ ಎರಡೂ ಸೆಟ್ಟಿಗೆ ಹಚ್ಚುವವರಿಗೆ 68 ಗ್ರಾಮಿನ ಒಂದು ಟ್ಯೂಬು ಏಳೆಂಟು ವಾರ ಬರಬೇಕು ಎಂಬುದು ಎಫ್‌ಡಿಎ ಲೆಕ್ಕ. ಅದಕ್ಕಿಂತ ಬಹಳ ಬೇಗ ಮುಗಿಯುತ್ತಿದ್ದರೆ ಅಂಟಿನ ಬಗ್ಗೆ ಯೋಚಿಸುವುದು ಬಿಟ್ಟು ಸೆಟ್ಟಿನ ಬಗ್ಗೆ ಯೋಚಿಸಿ. ಟ್ಯೂಬು ಕೊಂಡ ತಾರೀಖನ್ನು ಅದರ ಮೇಲೇ ಪೆನ್ನಿನಲ್ಲಿ ಬರೆದಿಟ್ಟರೆ ಈ ಲೆಕ್ಕ ತಪ್ಪುವುದಿಲ್ಲ.

ಪುಡಿಯಾದರೆ ಕ್ರಮ ತಿರುಗುಮುರುಗು: ಸೆಟ್ಟು ಒದ್ದೆಯಿರಬೇಕು, ಒಳಗುಣಿಗೆ ತೆಳುವಾಗಿ ಉದುರಿಸಿ, ಹೆಚ್ಚಾದದ್ದನ್ನು ತಟ್ಟಿ ಕೊಡವಬೇಕು. ಪುಡಿಯನ್ನು ತೊಳೆಯುವುದು ಸುಲಭ, ಆದರೆ ಕೆಳಗೆ ಕ್ರೀಮಿನಷ್ಟು ಹೊತ್ತು ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ, ಖಿನ್ನತೆಯ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕಗಳಿಂದ ಬಾಯಿ ಒಣಗುವವರಿಗೆ ಕ್ರೀಮೇ ಮೇಲು. ಜೊಲ್ಲಿಲ್ಲದಿದ್ದರೆ ಯಾವ ಅಂಟೂ ಉಬ್ಬುವುದಿಲ್ಲ. ಆದ್ದರಿಂದ ಹಾಕಿಕೊಳ್ಳುವ ಮುಂಚೆ ಒಂದು ಗುಟುಕು ನೀರು ಕುಡಿದು ಬಾಯಿ ತೇವ ಮಾಡಿಕೊಳ್ಳಿ.

ನಾಲಿಗೆಯೂ ಒಂದು ಆಸರೆ

ಕೆಳಸೆಟ್ಟನ್ನು ನಿಲ್ಲಿಸುವಲ್ಲಿ ನಾಲಿಗೆಯ ಪಾತ್ರ ದೊಡ್ಡದು. ಬಿಡುವಾಗಿದ್ದಾಗ ಅದರ ತುದಿ ಕೆಳಗಿನ ಮುಂಹಲ್ಲುಗಳ ಹಿಂಬದಿಗೆ ಮೆಲ್ಲಗೆ ತಾಗಿರಬೇಕು, ಬದಿಗಳು ಸೆಟ್ಟಿನ ಮೇಲೆ ಒರಗಿರಬೇಕು. ನಾಲಿಗೆ ಹಿಂದಕ್ಕೆ ಸರಿದು ಮುದುಡಿಕೊಳ್ಳುವ ಅಭ್ಯಾಸವಿದ್ದರೆ ಒಳಅಂಚಿನಿಂದ ಗಾಳಿ ನುಗ್ಗಿ ಸೆಟ್ಟು ಏಳುತ್ತದೆ. ದಿನಕ್ಕೆ ನಾಲ್ಕಾರು ಸಲ ಕನ್ನಡಿ ನೋಡಿ ಅಭ್ಯಾಸ ಮಾಡಿದರೆ ಕೆಲವು ವಾರಗಳಲ್ಲಿ ಇದು ಸಹಜವಾಗುತ್ತದೆ.

ಊಟದಲ್ಲೂ ಸ್ವಲ್ಪ ಹೊಸ ಪಾಠ ಬೇಕು. ತುತ್ತು ಚಿಕ್ಕದಿರಲಿ. ಒಂದೇ ಕಡೆ ಅಗಿಯದೆ ಎರಡೂ ಕಡೆಗೆ ಹಂಚಿ ಅಗಿಯಿರಿ. ಮುಂಹಲ್ಲಿನಿಂದ ಕಚ್ಚಿ ಎಳೆಯಬೇಡಿ: ಸೇಬು ಹೆಚ್ಚಿ ತಿನ್ನಿ, ಜೋಳದ ರೊಟ್ಟಿಯನ್ನು ಮುರಿದು ಪಲ್ಯದ ರಸದಲ್ಲಿ ನೆನೆಸಿ ತಿನ್ನಿ. ಚಕ್ಕುಲಿ, ಕೋಡುಬಳೆಯನ್ನು ಕೈಯಲ್ಲೇ ಪುಡಿಮಾಡಿಕೊಳ್ಳಿ. ಎಲೆಅಡಿಕೆಯ ಅಭ್ಯಾಸವಿದ್ದವರು ಬಿಡಲು ಇದೇ ಸಂದರ್ಭ. ಅಡಿಕೆಯ ಚೂರು ಸೆಟ್ಟಿನಡಿ ಸೇರಿ ವಸಡು ಕೆರೆಯುತ್ತದೆ. ಅಡಿಕೆ ಬಾಯಿಯ ಕ್ಯಾನ್ಸರಿಗೂ ಕಾರಣ.

ರಾತ್ರಿ ತೆಗೆಯಲೇಬೇಕು

ಮಲಗುವಾಗ ಸೆಟ್ಟು ಬಾಯಲ್ಲಿರಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅಂಟು ಸಡಿಲಿಸಿ, ಸೆಟ್ಟನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಅತ್ತಿತ್ತ ಮೆಲ್ಲಗೆ ಅಲ್ಲಾಡಿಸುತ್ತ ಮೇಲೆತ್ತಿ. ವಸಡಿಗೆ ಅಂಟಿಕೊಂಡ ಉಳಿಕೆಯನ್ನು ಒದ್ದೆ ಬಟ್ಟೆಯಿಂದ ಅಥವಾ ಮೆತ್ತನೆಯ ಬ್ರಷ್‌ನಿಂದ ಪೂರ್ತಿ ತೆಗೆಯಬೇಕು. ಹಾಗೇ ಬಿಟ್ಟರೆ ಅಲ್ಲಿ ಶಿಲೀಂಧ್ರ ಬೆಳೆದು ವಸಡು ಕೆಂಪಾಗುತ್ತದೆ, ಉರಿಯುತ್ತದೆ.

ಸೆಟ್ಟನ್ನು ಮೆತ್ತನೆಯ ಬ್ರಷ್ ಮತ್ತು ಸೋಪಿನ ನೀರಿನಲ್ಲಿ ಉಜ್ಜಿ. ಟೂತ್‌ಪೇಸ್ಟ್ ಅದನ್ನು ಗೀರುತ್ತದೆ, ಕುದಿನೀರು ಸೊಟ್ಟ ಮಾಡುತ್ತದೆ. ಕೈಜಾರಿ ಬಿದ್ದರೆ ಒಡೆಯದಂತೆ ಬೇಸಿನ್ನಿನಲ್ಲಿ ಸ್ವಲ್ಪ ನೀರು ತುಂಬಿಸಿಕೊಂಡು ತೊಳೆಯಿರಿ. ರಾತ್ರಿಯಿಡೀ ತಣ್ಣೀರಿನಲ್ಲೋ ಸೆಟ್ಟು ತೊಳೆಯುವ ಮಾತ್ರೆ ಹಾಕಿದ ನೀರಿನಲ್ಲೋ ಇಡಿ. ಜಪಾನಿನಲ್ಲಿ 85 ದಾಟಿದ 524 ಹಿರಿಯರನ್ನು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಅಪಾಯ ಸುಮಾರು ಎರಡು ಪಟ್ಟು ಹೆಚ್ಚು ಎಂದು ಅದು ತಿಳಿಸಿತು. ಇದನ್ನು ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ವಿಶೇಷವಾಗಿ ನೆನಪಿಡಬೇಕು.

ಅಂಟು ಸಾಲದು ಎಂದಾದಾಗ

ಸಡಿಲಾದ ಸೆಟ್ಟಿಗೆ ಮೊದಲ ಪರಿಹಾರ ರಿಲೈನಿಂಗ್. ಈಗಿರುವ ವಸಡಿನ ಅಚ್ಚು ತೆಗೆದು ಸೆಟ್ಟಿನ ಒಳಮೈಗೆ ಹೊಸ ಪದರ ಕೊಡುತ್ತಾರೆ. ಹಲ್ಲುಗಳು ಹಳೆಯವೇ ಇರುತ್ತವೆ. ವಸಡು ತೀರಾ ನಾಜೂಕಾಗಿದ್ದರೆ ಮೆತ್ತನೆಯ ಪದರ ಹಾಕುವುದೂ ಉಂಟು. ಹಲ್ಲುಗಳೇ ಸವೆದುಹೋಗಿದ್ದರೆ ಹೊಸ ಸೆಟ್ಟೇ ಸರಿ. ಒಡೆದ ಸೆಟ್ಟನ್ನು ಫೆವಿಕ್ವಿಕ್ ಹಾಕಿ ಜೋಡಿಸುವುದು, ಅಡಿಗೆ ಹತ್ತಿ ಇಟ್ಟುಕೊಳ್ಳುವುದು ಎರಡೂ ಅಪಾಯ.

ಕೆಳಸೆಟ್ಟಿಗೆ ಇಂದು ಇರುವ ಗಟ್ಟಿ ಪರಿಹಾರ ಇಂಪ್ಲಾಂಟ್. ದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಕೂರಿಸಿ, ಸೆಟ್ಟನ್ನು ಗುಂಡಿಯಂಥ ಕೊಂಡಿಯಿಂದ ಅವುಗಳ ಮೇಲೆ ಸಿಕ್ಕಿಸುತ್ತಾರೆ, ರಾತ್ರಿ ತೆಗೆಯಬಹುದು. ಪೂರ್ತಿ ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಹೇಳಿದರು. ಖರ್ಚು ಎಲ್ಲರಿಗೂ ಎಟಕುವಂಥದ್ದಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಎಲುಬು ಸಾಕಷ್ಟಿರಬೇಕು.

ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರ ಎನ್ನುವವರು ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಅಥವಾ ತಮ್ಮ ಹತ್ತಿರದ ದಂತ ಕಾಲೇಜಿನಲ್ಲಿ ಸೆಟ್ಟು ಕಟ್ಟುವ ವಿಭಾಗ, ಅಂದರೆ ಪ್ರೊಸ್ತೊಡಾಂಟಿಕ್ಸ್ ಎಲ್ಲಿದೆ ಎಂದು ಕೇಳಿ ಹೋಗಬಹುದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡಲೆಂದು ಕರ್ನಾಟಕ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದಿದೆ. ಈಗಿನ ನಿಯಮಗಳನ್ನು ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಅಂಟು ಬಳಸುತ್ತಲೇ ಇರುವವರು ವರ್ಷಕ್ಕೊಮ್ಮೆಯಾದರೂ ಸೆಟ್ಟನ್ನೂ ವಸಡನ್ನೂ ದಂತವೈದ್ಯರಿಗೆ ತೋರಿಸಬೇಕು. ಎರಡು ವಾರದಲ್ಲಿ ಮಾಯದ ಹುಣ್ಣು, ಗಂಟು, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ ಒಂದು ದಿನವೂ ಕಾಯಬೇಡಿ. ಜಿಂಕ್ ಇರುವ ಕ್ರೀಮನ್ನು ಬಹುಕಾಲ ಧಾರಾಳವಾಗಿ ಬಳಸಿದವರಿಗೆ ಪಾದ ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಶುರುವಾದರೆ ವೈದ್ಯರಿಗೆ ಈ ಕ್ರೀಮಿನ ವಿಷಯ ಹೇಳಲು ಮರೆಯಬೇಡಿ. ಅವರಾಗಿ ಕೇಳುವ ಪ್ರಶ್ನೆ ಅದಲ್ಲ. ಉಳಿದವರಿಗೆ ಹೇಳುವುದಿಷ್ಟೇ: ಟ್ಯೂಬು ಕೊಳ್ಳುವುದಾದರೆ ಜಿಂಕ್ ಇಲ್ಲದ್ದನ್ನೇ ಕೊಳ್ಳಿ, ಕಡಿಮೆ ಹಚ್ಚಿ, ಅದಕ್ಕೂ ಮೊದಲು ಸೆಟ್ಟಿನ ಅಳತೆ ಸರಿಯಿದೆಯೇ ಎಂದು ತೋರಿಸಿಕೊಳ್ಳಿ.